ಅನರ್ಥದಂಡ: ಶ್ರಾವಕನ ವ್ರತಗಳ ಬೆಳಕಿನಲ್ಲಿ ಮೊಬೈಲ್ ಬಳಕೆ

ಮೊಬೈಲ್ ಫೋನಿನ ಮೇಲೆ ಎರಡು ಬಗೆಯ ಆಕ್ಷೇಪಗಳಿವೆ. ಬಳಸುವವನ ಕಣ್ಣು, ಕುತ್ತಿಗೆ, ನಿದ್ದೆಯನ್ನು ಅದು ಕೆಡಿಸುತ್ತದೆ ಎಂಬುದು ಒಂದು. ಅಕ್ಕಪಕ್ಕದವರ ನೆಮ್ಮದಿಯನ್ನೂ ಮಾನವನ್ನೂ ಕೆಡಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ವೈದ್ಯರಿಗೆ ಒಪ್ಪಿಸಿ, ಎರಡನೆಯದನ್ನು ಮನೆಯ ಹಿರಿಯರಿಗೋ ಬಸ್ಸಿನ ಕಂಡಕ್ಟರಿಗೋ ಬಿಡುವುದು ರೂಢಿ. ಜೈನರ ಗೃಹಸ್ಥಧರ್ಮ ಇವೆರಡನ್ನು ಬೇರೆ ಮಾಡುವುದಿಲ್ಲ. ತನಗೆ ತಾನು ಮಾಡಿಕೊಳ್ಳುವ ಕೇಡಿಗೂ ಪರರಿಗೆ ಮಾಡುವ ಕೇಡಿಗೂ ಅದು ತೋರಿಸುವ ಬೇರು ಒಂದೇ: ಪ್ರಮಾದ, ಅಂದರೆ ಮೈಮರೆವು, ಎಚ್ಚರಗೇಡಿತನ. ಫೋನು ಬರುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಬರೆದ ಶ್ರಾವಕಾಚಾರದ, ಅಂದರೆ ಜೈನ ಗೃಹಸ್ಥನ ನಡತೆಯ, ಗ್ರಂಥಗಳು ಅದರ ಬಳಕೆಗೆ ಕೊಡುವ ಅಳತೆಗೋಲು ಇಂದಿನ ಅನೇಕ ಸಲಹೆಗಳಿಗಿಂತ ಖಚಿತವಾದದ್ದು.

ಈ ಅಳತೆಗೋಲಿನ ಮೂಲ ಜೈನಾಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ದಿಗಂಬರರೂ ಶ್ವೇತಾಂಬರರೂ ಒಪ್ಪುವ ಈ ಗ್ರಂಥಕ್ಕೆ ಕರ್ನಾಟಕದ ನಂಟು ಗಾಢವಾದದ್ದು. ಪೂಜ್ಯಪಾದರು ಇದಕ್ಕೆ ಸರ್ವಾರ್ಥಸಿದ್ಧಿ ಎಂಬ ಸಂಸ್ಕೃತ ವ್ಯಾಖ್ಯಾನ ಬರೆದರು. 12ನೇ ಶತಮಾನದಲ್ಲಿ ಬಾಲಚಂದ್ರರು ಕನ್ನಡದಲ್ಲೇ ತತ್ತ್ವರತ್ನಪ್ರದೀಪಿಕೆ ಎಂಬ ಟೀಕೆ ರಚಿಸಿದರು. ಹಿಂಸೆಯನ್ನು ಈ ಸೂತ್ರಗ್ರಂಥ ಬರೀ ಪ್ರಾಣಹರಣವೆಂದು ಹೇಳಿ ಸುಮ್ಮನಾಗುವುದಿಲ್ಲ. ಪ್ರಮಾದಕ್ಕೆ ಒಳಗಾದ ಮನಸ್ಸು, ಮಾತು, ಮೈಗಳ ವ್ಯಾಪಾರದಿಂದ ಪ್ರಾಣಕ್ಕೆ ಒದಗುವ ಧಕ್ಕೆಯೇ ಹಿಂಸೆ ಎನ್ನುತ್ತದೆ. ಆಚಾರ್ಯ ಕುಂದಕುಂದರ ಪ್ರವಚನಸಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎದುರಿನ ಜೀವ ಸತ್ತಿತೋ ಉಳಿಯಿತೋ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪಿದ್ದಲ್ಲ. ಎಚ್ಚರದಿಂದ ನಡೆದವನ ಕಾಲಡಿ ಅಕಸ್ಮಾತ್ತಾಗಿ ಜೀವ ಹೋದರೂ ಅಷ್ಟರಿಂದಲೇ ಬಂಧವಿಲ್ಲ ಎಂಬುದು ಅಲ್ಲಿನ ತೀರ್ಮಾನ.

ಈ ಮಾತಿನ ಭಾರ ತಿಳಿಯಲು ರಸ್ತೆಗೆ ಬರಬೇಕು. ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು, ತಲೆ ಓರೆ ಮಾಡಿ ಮಾತಾಡುತ್ತ ಸ್ಕೂಟರ್ ಓಡಿಸುವವನು ಮನೆ ಮುಟ್ಟಿದ ಮೇಲೆ ‘ಏನೂ ಆಗಲಿಲ್ಲವಲ್ಲ’ ಎನ್ನುತ್ತಾನೆ. ಕುಂದಕುಂದರ ಲೆಕ್ಕದಲ್ಲಿ ಆಗಬೇಕಾದದ್ದು ಆಗಿಹೋಗಿದೆ. ಯಾರಿಗೂ ಪೆಟ್ಟಾಗದೆ ಇದ್ದದ್ದು ಎದುರಿಗೆ ಬಂದವರ ಪುಣ್ಯ. ಅವನ ನಡತೆ ಮಾತ್ರ ಹಿಂಸೆಯ ನಡತೆಯೇ. ದೇಶದ ಕಾನೂನು ಕೂಡ ಈಗ ಇದೇ ದಾರಿಗೆ ಬಂದಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಚಾಲನೆಯ ವೇಳೆ ಕೈಯಲ್ಲಿ ಫೋನು ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದು ಹೆಸರಿಸಿದೆ. ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿವರೆಗಿನ ದಂಡಕ್ಕೂ ಸೆರೆವಾಸಕ್ಕೂ ಅವಕಾಶವಿದೆ. ಅಪಘಾತ ಆಗಿರಲೇಬೇಕೆಂಬ ಷರತ್ತು ಅದರಲ್ಲಿ ಇಲ್ಲ.

ತನ್ನ ದೇಹಕ್ಕೆ ತಾನೇ ಮಾಡಿಕೊಳ್ಳುವ ಕೇಡಿನ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಪ್ರಮಾದಿಯಾದವನು ಮೊದಲು ತನ್ನನ್ನು ತಾನೇ ಹಿಂಸಿಸಿಕೊಳ್ಳುತ್ತಾನೆ, ಪರರಿಗೆ ಪೆಟ್ಟು ಬೀಳುವುದೋ ಬಿಡುವುದೋ ಆಮೇಲಿನ ಮಾತು ಎಂಬ ಹಳೆಯ ವಚನವೊಂದನ್ನು ಪೂಜ್ಯಪಾದರು ತಮ್ಮ ವ್ಯಾಖ್ಯಾನದಲ್ಲಿ ಎತ್ತಿಕೊಂಡಿದ್ದಾರೆ. ಅಲ್ಲಿ ಮುಖ್ಯವಾಗಿರುವುದು ಆತ್ಮಕ್ಕೆ ಆಗುವ ಹಾನಿ. ಆದರೆ ಆ ಹಾನಿಯ ಮೊದಲ ಗುರುತುಗಳು ದೇಹದಲ್ಲೇ ಕಾಣಿಸುತ್ತವೆ. ಪರದೆ ನೋಡುವಾಗ ಕಣ್ಣು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣೀರಿನ ತೇವ ಆರಿ ಉರಿ ಶುರುವಾಗುತ್ತದೆ. ನೆಟ್ಟಗಿರುವ ತಲೆಯ ತೂಕ ಸುಮಾರು 5 ಕಿಲೋ. ಅದನ್ನು 60 ಡಿಗ್ರಿ ಬಗ್ಗಿಸಿ ಫೋನು ನೋಡಿದಾಗ ಕುತ್ತಿಗೆಯ ಮೂಳೆಗಳ ಮೇಲೆ 27 ಕಿಲೋದಷ್ಟು ಒತ್ತಡ ಬೀಳುತ್ತದೆ ಎಂದು ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ರಾತ್ರಿ ಹೊತ್ತು ಪರದೆಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಸ್ರವಿಸುವುದನ್ನು ತಗ್ಗಿಸುತ್ತದೆ. ಬೆಳಕಿಗಿಂತಲೂ ಹೆಚ್ಚು ಕೆಲಸ ಮಾಡುವುದು ನೋಡುತ್ತಿರುವ ವಿಷಯ: ಜಗಳದ ವಿಡಿಯೊ ನೋಡಿ ದೀಪ ಆರಿಸಿದವನಿಗೆ ಕತ್ತಲೆಯಲ್ಲೂ ಜಗಳವೇ ಕಾಣುತ್ತದೆ. ಇಯರ್‌ಫೋನಿನ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಂತೆ ಗಂಟೆಗಳು ಥಟ್ಟನೆ ಇಳಿಯುತ್ತವೆ.

ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕಾದದ್ದು. ಎರಡು ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತುತ್ತು ಬಾಯಿಗಿಡಲು ಫೋನು ತೋರಿಸುವ ಮನೆಯಲ್ಲಿ ಮಗು ಏನು ತಿಂದಿತೆಂಬುದು ಮಗುವಿಗೇ ಗೊತ್ತಿರುವುದಿಲ್ಲ. ಇಲ್ಲಿ ಪ್ರಮಾದ ಮಗುವಿನದಲ್ಲ, ತುತ್ತು ಕೊಡುವ ಕೈಯದು. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರಕ್ಕೂ ಜೈನ ಕರ್ಮವಿಚಾರ ಹೊಣೆ ಹೊರಿಸುವುದರಿಂದ, ಈ ಹೊಣೆಯಿಂದ ತಾಯಿತಂದೆಯರು ನುಣುಚಿಕೊಳ್ಳುವಂತಿಲ್ಲ.

ವಿಕಿರಣದ ಭಯ ಮಾತ್ರ ಆರೋಗ್ಯಕ್ಕಿಂತ ಹೆಚ್ಚಾಗಿ ಸತ್ಯವ್ರತಕ್ಕೆ ಸೇರಿದ್ದು. 2011ರ ಮೇ 31ರಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊಬೈಲಿನ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಸಿಕ್ಕ ಸಾಕ್ಷ್ಯ ಮಾತ್ರ ಸೀಮಿತ ಎಂದು ಅದರ ಅರ್ಥ. ಏಷ್ಯಾದ ಕೆಲವೆಡೆ ಸಾಂಪ್ರದಾಯಿಕವಾಗಿ ಹುದುಗಿಸುವ ತರಕಾರಿಗಳೂ ಅದೇ ಗುಂಪಿನಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಹೊರಬಂದ ಅಧ್ಯಯನಗಳ ಸಮಗ್ರ ವಿಮರ್ಶೆಯಲ್ಲಿ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ. ಭಾರತದಲ್ಲಿ ಫೋನು ದೇಹಕ್ಕೆ ಹಾಯಿಸಬಹುದಾದ ಶಕ್ತಿಯ ಮಿತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಟವರುಗಳ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು 2012ರಿಂದ ಗೊತ್ತುಮಾಡಲಾಗಿದೆ. ಸಿಗ್ನಲ್ ಕುಗ್ಗಿದ ಲಿಫ್ಟು, ನೆಲಮಾಳಿಗೆಗಳಲ್ಲಿ ಫೋನು ಹೆಚ್ಚು ಶಕ್ತಿ ಹಾಕಿ ಕೆಲಸ ಮಾಡುವುದರಿಂದ ಅಲ್ಲಿ ಮಾತು ಚುಟುಕಾಗಿ ಮುಗಿಸುವುದು, ಇಯರ್‌ಫೋನ್ ಬಳಸುವುದು ವಿವೇಕ. ವಿಷಯ ಇಷ್ಟೇ. ಇದಕ್ಕೆ ಬಣ್ಣ ಕಟ್ಟಿ ‘ದಿಂಬಿನ ಕೆಳಗೆ ಫೋನಿಟ್ಟರೆ ಕ್ಯಾನ್ಸರ್ ಗ್ಯಾರಂಟಿ, ಹತ್ತು ಜನಕ್ಕೆ ಕಳಿಸಿ’ ಎಂದು ಹಂಚುವುದಕ್ಕೆ ಶ್ರಾವಕಾಚಾರದಲ್ಲಿ ಒಂದು ಹೆಸರಿದೆ: ಮಿಥ್ಯೋಪದೇಶ. ಸತ್ಯಾಣುವ್ರತದ, ಅಂದರೆ ಗೃಹಸ್ಥನ ಸತ್ಯವ್ರತದ, ಐದು ಅತಿಚಾರಗಳಲ್ಲಿ (ವ್ರತಕ್ಕೆ ಹತ್ತುವ ದೋಷಗಳಲ್ಲಿ) ಅದು ಮೊದಲನೆಯದು. ಭಯ ಹುಟ್ಟಿಸಿ ಒಳ್ಳೆಯದು ಮಾಡುತ್ತೇನೆ ಎಂಬ ಸಮಜಾಯಿಷಿ ಅದರ ದೋಷವನ್ನು ಕಳೆಯುವುದಿಲ್ಲ.

ಉಳಿದ ನಾಲ್ಕು ಅತಿಚಾರಗಳನ್ನೂ ಇಲ್ಲೇ ನೋಡಬಹುದು, ಏಕೆಂದರೆ ಫೋನಿನ ಶಿಷ್ಟಾಚಾರದ ತಿರುಳು ಅವುಗಳಲ್ಲಿದೆ. ರಹೋಭ್ಯಾಖ್ಯಾನ ಎಂದರೆ ಗಂಡುಹೆಣ್ಣಿನ ಏಕಾಂತದ ನಡತೆಯನ್ನು ಬಯಲು ಮಾಡುವುದು. ಕೂಟಲೇಖಕ್ರಿಯೆ ಎಂದರೆ ಒಬ್ಬ ಹೇಳದ್ದನ್ನು ಹೇಳಿದನೆಂದು, ಮಾಡದ್ದನ್ನು ಮಾಡಿದನೆಂದು ಮೋಸದಿಂದ ಬರೆಯುವುದು. ನ್ಯಾಸಾಪಹಾರ ಒತ್ತೆಯಿಟ್ಟ ವಸ್ತುವಿನ ಲೆಕ್ಕ ಮುಚ್ಚಿಡುವುದು. ಸಾಕಾರಮಂತ್ರಭೇದ ಎಂದರೆ ಒಬ್ಬನ ಮುಖಭಾವ, ಹುಬ್ಬಿನ ಚಲನೆ, ಸಂದರ್ಭಗಳಿಂದ ಅವನ ಒಳಮಾತನ್ನು ಊಹಿಸಿ ಅಸೂಯೆಯಿಂದ ಹೊರಗೆಡಹುವುದು. ಇವುಗಳಲ್ಲಿ ನ್ಯಾಸಾಪಹಾರವೊಂದು ಬಿಟ್ಟರೆ ಉಳಿದ ಮೂರಕ್ಕೂ ಇಂದು ದಿನನಿತ್ಯದ ರೂಪಗಳಿವೆ. ಯಾರದೋ ಖಾಸಗಿ ವಿಡಿಯೊ ಮುಂದೆ ಸಾಗಿಸುವುದು ಮೊದಲನೆಯದು. ನಕಲಿ ಸ್ಕ್ರೀನ್‌ಶಾಟ್ ಎರಡನೆಯದು, ಅದರ ವರ್ಣನೆಗೆ ಒಂದಕ್ಷರವನ್ನೂ ಸೇರಿಸಬೇಕಿಲ್ಲ. ಒಂದು ಗುಂಪಿನಲ್ಲಿ ನಂಬಿ ಆಡಿದ ಮಾತನ್ನು ಇನ್ನೊಂದು ಗುಂಪಿಗೆ ದಾಟಿಸುವುದು, ‘ಲಾಸ್ಟ್ ಸೀನ್’ ನೋಡಿ, ನೀಲಿ ಗೆರೆ ನೋಡಿ ಒಬ್ಬರ ಮನಸ್ಸನ್ನು ಊಹಿಸಿ ಮೂರನೆಯವರಿಗೆ ಹೇಳುವುದು ಕೊನೆಯದು. ಸತ್ಯವ್ರತದ ಅತಿಚಾರಗಳಲ್ಲಿ ಸುಳ್ಳಿನ ಜೊತೆಗೆ ಗುಟ್ಟು ಬಿಚ್ಚುವ ನಿಜಗಳೂ ಸೇರಿವೆ ಎಂಬುದನ್ನು ಗಮನಿಸಬೇಕು. ನಿಜವಾದ ಫೋಟೊ, ನಿಜವಾದ ಧ್ವನಿಮುದ್ರಿಕೆ ಕೂಡ ಹಂಚಿದಾಗ ಅಸತ್ಯದ ಸಾಲಿಗೆ ಹೋಗಬಹುದು.

ಬಳಕೆಯ ಅವಧಿಯ ಪ್ರಶ್ನೆಗೆ ಗೊಮ್ಮಟಸಾರ ನೆರವಾಗುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಮೂರ್ತಿ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ರಚಿಸಿದ ಗ್ರಂಥ ಅದು. ಪ್ರಮಾದವನ್ನು ಅವರು ಹದಿನೈದಾಗಿ ಎಣಿಸುತ್ತಾರೆ: ನಾಲ್ಕು ವಿಕಥೆ, ನಾಲ್ಕು ಕಷಾಯ (ಮನಸ್ಸಿನ ವಿಕಾರ), ಐದು ಇಂದ್ರಿಯ, ನಿದ್ರೆ, ಪ್ರಣಯ. ನಾಲ್ಕು ವಿಕಥೆಗಳು ಯಾವುವೆಂದರೆ ಸ್ತ್ರೀಯರ ಕುರಿತ ಹರಟೆ, ಊಟತಿಂಡಿಯ ಹರಟೆ, ನಾಡಿನ ಹರಟೆ, ಅರಸರ ಹರಟೆ. ಬೆರಳು ಸರಿಸಿದಂತೆ ಬರುವ ರೀಲ್ಸ್‌ಗಳನ್ನು ಅರ್ಧ ಗಂಟೆ ನೋಡಿದವರು ತಾವು ಕಂಡದ್ದನ್ನು ಈ ನಾಲ್ಕು ಖಾನೆಗಳಲ್ಲಿ ತುಂಬಬಹುದು, ಹೊರಗೆ ಉಳಿಯುವುದು ಬಹಳ ಕಡಿಮೆ. ಒಂದು ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಅರಸರ ಕಾಲ ಹೋಗಿ ಪ್ರಜಾಪ್ರಭುತ್ವ ಬಂದ ಮೇಲೆ ರಾಜಕೀಯದ ಸುದ್ದಿ ತಿಳಿಯುವುದು ಹರಟೆಯಲ್ಲ, ಪ್ರಜೆಯ ಹೊಣೆ. ಆ ಮಾತು ಸರಿ. ಆದರೆ ತಿಳಿದು ಏನನ್ನಾದರೂ ಮಾಡುವುದಕ್ಕೂ, ಏನೂ ಮಾಡದೆ ಒಂದೇ ಬೈಗುಳವನ್ನು ಇಪ್ಪತ್ತು ಬಾಯಿಂದ ಕೇಳುವುದಕ್ಕೂ ಇರುವ ಅಂತರ ದೊಡ್ಡದು. ವಿಕಥೆ ಎನ್ನಿಸಿಕೊಳ್ಳುವುದು ಎರಡನೆಯದು.

ಇಲ್ಲಿಂದಲೇ ಅನರ್ಥದಂಡದ ವಿಚಾರ ತೆರೆದುಕೊಳ್ಳುತ್ತದೆ. ಗೃಹಸ್ಥನಿಗೆ ಹಿಂಸೆಯನ್ನು ಪೂರ್ತಿ ಬಿಡಲಾಗದು. ಒಲೆ ಹೊತ್ತಿಸಬೇಕು, ಹೊಲ ಉಳಬೇಕು, ವ್ಯಾಪಾರ ಮಾಡಬೇಕು. ಅವನು ಬಿಡಬಹುದಾದದ್ದು, ಬಿಡಲೇಬೇಕಾದದ್ದು ಯಾವ ಪ್ರಯೋಜನವೂ ಇಲ್ಲದ ಹಿಂಸೆಯನ್ನು, ಅಂದರೆ ಅನರ್ಥದಂಡವನ್ನು. ಹೀಗೆ ಬಿಡುವುದೇ ಅನರ್ಥದಂಡವ್ರತ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪರರು ಕೆಡಲಿ, ಸೋಲಲಿ ಎಂದು ಕೂತಲ್ಲೇ ಬಯಸುವುದು ಅಪಧ್ಯಾನ. ದ್ವೇಷ, ಆಸೆ, ಮದಗಳನ್ನು ಕೆರಳಿಸಿ ಮನಸ್ಸನ್ನು ಕದಡುವ ಕಥೆಗಳನ್ನು ಕೇಳುವುದು ದುಃಶ್ರುತಿ. ಕೆಲಸವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ತರಿಯುವುದು, ಸುಮ್ಮನೆ ಅಲೆಯುವುದು ಪ್ರಮಾದಚರ್ಯೆ. ದುಃಶ್ರುತಿಯಲ್ಲಿ ಹೇಳಿದವನಿಗೆ ಮಾತ್ರವಲ್ಲ, ಕೇಳಿದವನಿಗೂ ದೋಷವಿದೆ. ಕೆಟ್ಟದ್ದನ್ನು ನೋಡುತ್ತೇನಷ್ಟೇ, ಯಾರಿಗೂ ಕಳಿಸುವುದಿಲ್ಲ ಎಂಬ ಸಮಾಧಾನಕ್ಕೆ ಈ ಧರ್ಮದಲ್ಲಿ ಬೆಲೆಯಿಲ್ಲ.

ಮೊಬೈಲಿನಿಂದ ಆಗುವ ಕೇಡಿನ ಬಹುಪಾಲು ಈ ವರ್ಗಕ್ಕೇ ಸೇರಿದ್ದು. ಮಗಳ ಹೆರಿಗೆಯ ಸುದ್ದಿ ಕೇಳಲು ರಾತ್ರಿ ಎರಡು ಗಂಟೆಗೆ ಫೋನು ಹಿಡಿದವನ ನಿದ್ದೆಯೂ ಕೆಡುತ್ತದೆ, ಆದರೆ ಅದಕ್ಕೆ ಅರ್ಥವಿದೆ. ಅದೇ ಎರಡು ಗಂಟೆಗೆ ಗುರುತು ಪರಿಚಯವಿಲ್ಲದವರ ಕಾಮೆಂಟುಗಳಿಗೆ ಉತ್ತರ ಕೊಡುತ್ತ ಕೂತವನ ನಿದ್ದೆ ಅನರ್ಥವಾಗಿ ಕೆಟ್ಟದ್ದು. ಎಷ್ಟು ಗಂಟೆ ಬಳಸಿದೆ ಎಂಬುದಕ್ಕಿಂತ ಯಾವ ಪ್ರಯೋಜನಕ್ಕೆ ಬಳಸಿದೆ ಎಂಬ ಪ್ರಶ್ನೆ ಮೇಲಿನದು. ಫೋನಿನೊಳಗಿನ ‘ಸ್ಕ್ರೀನ್ ಟೈಮ್’ ಲೆಕ್ಕ ಈ ಎರಡನೆಯ ಪ್ರಶ್ನೆಯನ್ನು ಕೇಳಲಾರದು.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಫೋನಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ದೇಶವ್ರತ. ಸಮಂತಭದ್ರರು ಇದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸುತ್ತಾರೆ. ದಿಗ್ವ್ರತದಲ್ಲಿ ಶ್ರಾವಕ ಇಂತಿಂಥ ದಿಕ್ಕಿನಲ್ಲಿ ಇಂಥ ನದಿ, ಬೆಟ್ಟ, ಊರುಗಳಾಚೆ ಹೋಗುವುದಿಲ್ಲವೆಂದು ಬದುಕಿರುವವರೆಗೆ ಗಡಿ ಹಾಕಿಕೊಳ್ಳುತ್ತಾನೆ. ದೇಶವ್ರತ ಆ ದೊಡ್ಡ ಗಡಿಯೊಳಗೆ ಕೆಲವು ಕಾಲಕ್ಕೆ ಹಾಕಿಕೊಳ್ಳುವ ಚಿಕ್ಕ ಗಡಿ: ಇವತ್ತು ಈ ಮನೆ ಬಿಟ್ಟು ಹೋಗುವುದಿಲ್ಲ, ಈ ಪಕ್ಷ ಈ ಊರು ದಾಟುವುದಿಲ್ಲ. ಮನೆ, ಊರು, ಹೊಲ, ನದಿ, ಕಾಡು, ಯೋಜನ ಎಂದು ಗಡಿಯ ಗುರುತುಗಳನ್ನೂ ಸಮಂತಭದ್ರರ ಗ್ರಂಥ ಹೇಳಿಕೊಡುತ್ತದೆ. ಉದ್ದೇಶ ಸ್ಪಷ್ಟ. ಮನುಷ್ಯ ಇಲ್ಲದ ಕಡೆ ಅವನಿಂದ ಹಿಂಸೆಯಿಲ್ಲ. ಗಡಿಯ ಹೊರಗಿನ ಜಗತ್ತಿನ ಮಟ್ಟಿಗೆ ಸಾಮಾನ್ಯ ಗೃಹಸ್ಥನೂ ಮಹಾವ್ರತಿಯಾದ ಮುನಿಗೆ ಸಮನಾಗುತ್ತಾನೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ.

ಹಾಗಾದರೆ ಗಡಿಯೊಳಗೆ ದೇಹ ಕೂತಿದ್ದರೆ ಸಾಕೇ? ಮನುಷ್ಯ ಇದ್ದಾನೆ ಎಂದರೆ ಅವನ ಯಾವ ಅಂಶ ಇರಬೇಕು? ದೇಶವ್ರತದ ಅತಿಚಾರಗಳನ್ನು ಪಟ್ಟಿ ಮಾಡುವ ತತ್ತ್ವಾರ್ಥಸೂತ್ರದ ಸೂತ್ರ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಅಲ್ಲಿ ಐದು ಅತಿಚಾರಗಳಿವೆ. ಗಡಿಯ ಹೊರಗಿನ ವಸ್ತುವನ್ನು ಕೂತಲ್ಲಿಗೆ ತರಿಸಿಕೊಳ್ಳುವುದು ಆನಯನ. ಹೊರಗೆ ಆಳನ್ನು ಕಳಿಸಿ ಹೀಗೆ ಮಾಡು ಎಂದು ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಹೊರಗೆ ಕೆಲಸದಲ್ಲಿರುವವರ ಗಮನ ಸೆಳೆಯಲು ಕೆಮ್ಮುವುದು, ಕ್ಯಾಕರಿಸುವುದು, ಸದ್ದು ಮಾಡುವುದು ಶಬ್ದಾನುಪಾತ. ಅವರಿಗೆ ಕಾಣುವ ಹಾಗೆ ತನ್ನ ಮೈಯನ್ನು ತೋರಿಸಿಕೊಳ್ಳುವುದು ರೂಪಾನುಪಾತ. ಮಣ್ಣುಹೆಂಟೆಯನ್ನೋ ಇನ್ನೇನನ್ನೋ ಎಸೆದು ಸೂಚನೆ ಕೊಡುವುದು ಪುದ್ಗಲಕ್ಷೇಪ.

ಬೇಲಿಯ ಬಳಿ ನಿಂತು ಕೆಮ್ಮುವ ಗೃಹಸ್ಥನನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಈ ಪಟ್ಟಿ ಮೊಬೈಲಿನ ಎಲ್ಲ ಕೆಲಸಗಳನ್ನೂ ಹಿಡಿದಿಟ್ಟಿದೆ. ಮನೆ ಬಾಗಿಲಿಗೆ ಸಾಮಾನು ತರಿಸುವುದು ಆನಯನ. ಕೂತಲ್ಲಿಂದಲೇ ಅಂಗಡಿ, ಕಚೇರಿ, ತೋಟದ ಆಳುಗಳನ್ನು ನಡೆಸುವುದು ಪ್ರೇಷ್ಯಪ್ರಯೋಗ. ಫೋನಿನ ಮಾತು ಶಬ್ದಾನುಪಾತ. ನಮ್ಮಲ್ಲಿ ಹಣ ಉಳಿಸಲೆಂದು ಬಹುಕಾಲ ನಡೆದ ಮಿಸ್ಡ್ ಕಾಲ್ ಅಂತೂ ಆ ಕೆಮ್ಮಿನ ನೇರ ವಾರಸುದಾರ. ವಿಡಿಯೊ ಕಾಲ್, ಸ್ಟೇಟಸ್ಸಿಗೆ ಹಾಕುವ ಫೋಟೊ ರೂಪಾನುಪಾತ. ಎಸೆದಂತೆ ಕಳಿಸುವ ಒಂದು ಸಾಲಿನ ಸಂದೇಶ ಪುದ್ಗಲಕ್ಷೇಪ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಎಂಜಿನಿಯರ್ ಮಾರ್ಟಿನ್ ಕೂಪರ್ ಮೊದಲ ಕೈಫೋನಿನಲ್ಲಿ ಮಾತಾಡಿದಾಗಲೂ, 1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಸಚಿವ ಸುಖರಾಮರಿಗೆ ಭಾರತದ ಮೊದಲ ಮೊಬೈಲ್ ಕರೆ ಮಾಡಿದಾಗಲೂ ಜಗತ್ತು ಅದನ್ನು ದೂರದ ಮೇಲಿನ ಗೆಲುವೆಂದು ಕೊಂಡಾಡಿತು. ಅದು ಗೆಲುವು ನಿಜ. ದೇಹ ನಿಂತಲ್ಲೇ ನಿಂತು ಮಾತು, ರೂಪ, ಬಯಕೆಗಳು ಗಡಿ ದಾಟಿದರೆ ಮನುಷ್ಯನೇ ದಾಟಿದಂತೆ ಎಂಬ ತಿಳಿವು ಮಾತ್ರ ಉಮಾಸ್ವಾತಿಗೆ ಆಗಲೇ ಇತ್ತು. ಜೈನದರ್ಶನದಲ್ಲಿ ಶಬ್ದವು ವೈಶೇಷಿಕರು ಹೇಳುವಂತೆ ಆಕಾಶದ ಗುಣವಲ್ಲ, ಪುದ್ಗಲದ ಅಂದರೆ ಜಡದ್ರವ್ಯದ ಪರ್ಯಾಯ. ಧ್ವನಿ ಹೋದರೆ ಏನೋ ಒಂದು ವಸ್ತುವೇ ಹೋಗಿ ತಾಗಿದ ಹಾಗೆ.

ಇವು ಅತಿಚಾರಗಳೇ ಹೊರತು ವ್ರತಭಂಗಗಳಲ್ಲ ಎಂಬ ಸೂಕ್ಷ್ಮವನ್ನು ಮರೆಯಬಾರದು. ಅತಿಚಾರ ವ್ರತಕ್ಕೆ ಹತ್ತಿದ ಕೊಳೆ. ಅನಾಚಾರವಾದರೆ ವ್ರತವೇ ಹೋಯಿತು. ಫೋನು ಮುಟ್ಟಿದ ಮಾತ್ರಕ್ಕೆ ಧರ್ಮ ಕೆಟ್ಟಿತೆಂದು ಈ ಶಾಸ್ತ್ರದಿಂದ ಹೇಳಿಸಲು ಬರುವುದಿಲ್ಲ. ಅದು ಕೇಳುವುದು ಇಷ್ಟು: ಇಲ್ಲಿ ಕೂತಿದ್ದೇನೆ ಎಂದು ಒಪ್ಪಿಕೊಂಡ ಮೇಲೆ ನಿಜವಾಗಿಯೂ ಇಲ್ಲಿ ಇದ್ದೀಯಾ? ಎದುರಿಗೆ ತಾಯಿ ಮಾತಾಡುತ್ತಿರುವಾಗ ‘ಹೇಳಮ್ಮ, ಕೇಳಿಸ್ತಿದೆ’ ಎನ್ನುತ್ತ ಕಣ್ಣನ್ನು ಪರದೆಗೆ ಕೊಟ್ಟ ಮಗ ಆ ಗಳಿಗೆಯಲ್ಲಿ ಮನೆ ಬಿಟ್ಟು ಹೊರಟಿದ್ದಾನೆ. ತಾಯಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆಕೆ ಅರ್ಧ ಮಾತಿಗೆ ನಿಲ್ಲಿಸಿ ಅಡುಗೆಮನೆಗೆ ಹೋಗುತ್ತಾಳೆ, ನಿಲ್ಲಿಸಿದ್ದು ಮಗನಿಗೆ ಗೊತ್ತಾಗುವುದಿಲ್ಲ. ಶಿಷ್ಟಾಚಾರದ ತಪ್ಪುಗಳಲ್ಲಿ ಇದು ಅತಿ ಸಾಮಾನ್ಯವಾದದ್ದು, ಅತಿ ಆಳವಾಗಿ ನೋಯಿಸುವುದೂ ಇದೇ.

ಎಲ್ಲರಿಗೂ ಗೊತ್ತಿರುವ ಶಿಷ್ಟಾಚಾರಗಳು ಬೇಗ ಹೇಳಿ ಮುಗಿಸಬಹುದಾದವು. ಹಿತ, ಮಿತ, ಪ್ರಿಯವಾದ ಮಾತು ಎಂಬ ಹಳೆಯ ಕಟ್ಟಳೆಯಲ್ಲಿ ಅವೆಲ್ಲ ಅಡಗಿವೆ. ಬಸ್ಸಿನಲ್ಲಿ ಸ್ಪೀಕರ್ ಹಾಕಿ ಹಾಡು, ವಿಡಿಯೊ ಕೇಳುವುದನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ 2021ರ ನವೆಂಬರಿನಲ್ಲಿ, ಹೈಕೋರ್ಟಿನ ಸೂಚನೆಯ ಮೇರೆಗೆ, ನಿಷೇಧಿಸಿತು. ಹೇಳಿದರೂ ಕೇಳದ ಪ್ರಯಾಣಿಕನನ್ನು ಇಳಿಸಲು ಸಿಬ್ಬಂದಿಗೆ ಅಧಿಕಾರವಿದೆ. ಮುಜರಾಯಿ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆಯನ್ನು ರಾಜ್ಯ ಸರ್ಕಾರ 2023ರ ಜುಲೈಯಲ್ಲಿ ತಡೆಯಿತು. ಇವು ಬೇಕಾದ ಆಜ್ಞೆಗಳೇ. ಆದರೆ ಹೊರಗಿನ ಆಜ್ಞೆಗೂ ತಾನಾಗಿ ತೆಗೆದುಕೊಂಡ ವ್ರತಕ್ಕೂ ಫಲದಲ್ಲಿ ವ್ಯತ್ಯಾಸವಿದೆ. ಕಂಡಕ್ಟರು ಬೆನ್ನು ತಿರುಗಿಸಿದ ಕೂಡಲೇ ಸದ್ದು ಮತ್ತೆ ಏರಿದರೆ ಆಜ್ಞೆ ಸೋತಂತೆ. ವ್ರತಕ್ಕೆ ಕಂಡಕ್ಟರು ಬೇಕಾಗಿಲ್ಲ.

ದೇಶವ್ರತವನ್ನು ತಿರುಗಿಸಿ ನೋಡಿದರೆ ಇನ್ನೊಂದು ಮರ್ಯಾದೆ ಕಾಣಿಸುತ್ತದೆ. ತನಗೊಂದು ಗಡಿ ಇರುವಂತೆ ಪರರಿಗೂ ಗಡಿಯಿದೆ. ಪ್ರತಿ ಕರೆಯೂ ಇನ್ನೊಬ್ಬರ ಗಡಿಯೊಳಗೆ ಕೇಳದೆ ಹಾಕುವ ಹೆಜ್ಜೆ. ಊಟದ ಹೊತ್ತು, ಪೂಜೆಯ ಹೊತ್ತು, ಮಲಗುವ ಹೊತ್ತು ತಿಳಿದು ಕರೆಯುವುದು, ಕರೆದ ಕೂಡಲೇ ‘ಈಗ ಮಾತಾಡಬಹುದಾ?’ ಎಂದು ಕೇಳುವುದು, ಕಚೇರಿ ಮುಗಿದ ಮೇಲೆ ಕೈಕೆಳಗಿನವರಿಗೆ ಸಂದೇಶ ಕಳಿಸದಿರುವುದು ಇವೆಲ್ಲ ಆ ಗಡಿಗೆ ಕೊಡುವ ಗೌರವ. ಶಾಸ್ತ್ರ ಇದನ್ನು ಹೀಗೆ ಬಿಡಿಸಿ ಹೇಳಿಲ್ಲ. ಅಹಿಂಸಾಣುವ್ರತದಿಂದ ಇದು ತಾನಾಗಿ ಹೊರಡುತ್ತದೆ.

ಸಾಮಾಯಿಕದಲ್ಲಿ ಇಡೀ ವಿಚಾರ ಪರೀಕ್ಷೆಗೆ ನಿಲ್ಲುತ್ತದೆ. ಒಂದು ಮುಹೂರ್ತ, ಅಂದರೆ ಎರಡು ಗಳಿಗೆ, 48 ನಿಮಿಷ, ಎಲ್ಲ ಪಾಪವ್ಯಾಪಾರ ಬಿಟ್ಟು ಸಮತೆಯಲ್ಲಿ ಕೂರುವ ವ್ರತ ಅದು. ಈಗ ಅನೇಕ ಶ್ರಾವಕರು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಾರೆ. ಅದರಲ್ಲೇ 48 ನಿಮಿಷದ ಟೈಮರ್, ಅದರಲ್ಲೇ ಪಾಠದ ಪಿಡಿಎಫ್, ಜಪ ಎಣಿಸುವ ಆ್ಯಪ್. ಇದರಲ್ಲಿ ಸೌಕರ್ಯವಿದೆ, ಕಣ್ಣು ಮಂಜಾದ ಹಿರಿಯರಿಗೆ ಅಕ್ಷರ ದೊಡ್ಡದಾಗಿ ಕಾಣುವುದು ಸಣ್ಣ ಉಪಕಾರವಲ್ಲ. ಆದರೆ ಹನ್ನೆರಡನೇ ನಿಮಿಷಕ್ಕೆ ಪರದೆಯ ನೆತ್ತಿಯಲ್ಲಿ ಒಂದು ಸಾಲಿನ ಸಂದೇಶ ಇಳಿದು ಬಂದು ಹೋಗುತ್ತದೆ. ಕೈ ಅದನ್ನು ಮುಟ್ಟದಿದ್ದರೂ ಕಣ್ಣು ಓದಿಬಿಟ್ಟಿದೆ. ಸಾಲ ಕೇಳಿದ ಭಾವಮೈದುನನದು. ತುಟಿ ಪಾಠ ಹೇಳುತ್ತಲೇ ಇದೆ, ಯಾವ ಸಾಲಿನಲ್ಲಿದ್ದೆವೆಂಬುದು ಮರೆತಿದೆ. ಸಾಮಾಯಿಕದ ಐದು ಅತಿಚಾರಗಳು ಮನಸ್ಸು, ಮಾತು, ಮೈಗಳ ದುಷ್ಪ್ರಣಿಧಾನ, ಅನಾದರ, ಸ್ಮೃತ್ಯನುಪಸ್ಥಾನ. ಕೊನೆಯದರ ಅರ್ಥ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂಬ ನೆನಪು ತಪ್ಪುವುದು. ಕಾಗದದ ಪುಸ್ತಕಕ್ಕೂ ಮರದ ಜಪಮಣಿಗೂ ಹೊರಗಿನಿಂದ ಸುದ್ದಿ ತರುವ ಶಕ್ತಿಯಿಲ್ಲ. ಅವುಗಳ ಈ ಅಶಕ್ತಿಯೇ ಸಾಮಾಯಿಕಕ್ಕೆ ಬಲ. ಫೋನನ್ನು ಬಳಸಲೇಬೇಕಾದರೆ ಆ 48 ನಿಮಿಷ ಅದರ ಸಂಪರ್ಕವನ್ನು ಪೂರ್ತಿ ಕಡಿದು ಕೂರಬೇಕು.

ದಶಲಕ್ಷಣ ಪರ್ವದ ಕೊನೆಯಲ್ಲಿ ಬರುವ ಕ್ಷಮಾವಣಿಯೂ ಫೋನಿಗೆ ಸಾಗಿದೆ. ‘ಉತ್ತಮ ಕ್ಷಮಾ’ ಎಂಬ ಹೂವಿನ ಚಿತ್ರವೊಂದನ್ನು ಇಡೀ ಸಂಪರ್ಕಪಟ್ಟಿಗೆ ಒಂದೇ ಬಾರಿ ಕಳಿಸಿದರೆ ಹಬ್ಬ ಮುಗಿಯಿತು. ದೂರದ ಊರುಗಳಲ್ಲಿರುವ ನೆಂಟರನ್ನು ಅದು ತಲುಪುವುದು ಸಂತೋಷವೇ. ಆದರೆ ವರ್ಷದಲ್ಲಿ ಒಬ್ಬರಿಗೆ ನಿಜವಾಗಿ ನೋವು ಮಾಡಿದ್ದರೆ, ಆ ಒಬ್ಬರ ಹೆಸರು ಹಿಡಿದು, ತಪ್ಪನ್ನು ಬಾಯಿಬಿಟ್ಟು ಹೇಳಿ ಕೇಳಬೇಕಾದ ಕ್ಷಮೆಗೆ ಈ ಚಿತ್ರ ಬದಲಿಯಾಗಲಾರದು. ಅದೇ ಫೋನಿನಲ್ಲಿ ಆ ಒಬ್ಬರ ನಂಬರಿಗೆ ಕರೆ ಮಾಡಿದರೆ ಮಾತ್ರ ಕ್ಷಮಾವಣಿ.

ಇಷ್ಟೆಲ್ಲ ವಿಧಿಗಳು ಯಾರಿಗೆ? ಮುನಿಗಳಿಗಂತೂ ಅಲ್ಲ, ದಿಗಂಬರ ಮುನಿಯ ಬಳಿ ಇರುವುದು ಪಿಂಛಿ, ಕಮಂಡಲು, ಶಾಸ್ತ್ರ ಅಷ್ಟೇ. ಶ್ರಾವಕ ಫೋನನ್ನು ಬಿಡುವಂತಿಲ್ಲ, ಎಲ್ಲರಿಗೂ ಒಂದೇ ಅಳತೆ ಹಾಕುವಂತೆಯೂ ಇಲ್ಲ. ಆಂಬುಲೆನ್ಸ್ ಚಾಲಕ, ರಾತ್ರಿಪಾಳಿಯ ದಾದಿ, ಕರೆ ಬಂದರಷ್ಟೇ ಕೂಲಿ ಹುಟ್ಟುವ ಆಟೊದವರು, ಕತ್ತಲಾದ ಮೇಲೆ ಒಬ್ಬಳೇ ಮನೆಗೆ ನಡೆಯುವ ಹೆಣ್ಣುಮಗಳು ಫೋನು ಆರಿಸಬೇಕೆಂದು ಹೇಳುವುದು ಕ್ರೌರ್ಯವಾದೀತು. ಎಲ್ಲರ ಬದುಕೂ ಒಂದೇ ಅಲ್ಲವೆಂದು ಬಲ್ಲ ಸಮಂತಭದ್ರರು ಭೋಗೋಪಭೋಗಗಳಿಗೆ ಮಿತಿ ಹಾಕುವ ಕೆಲಸವನ್ನು ಆಯಾ ಶ್ರಾವಕನಿಗೇ ಬಿಟ್ಟಿದ್ದಾರೆ. ಬದುಕಿರುವಷ್ಟು ಕಾಲಕ್ಕೆ ಹಾಕಿಕೊಳ್ಳುವ ಮಿತಿ ಯಮ, ಇಷ್ಟು ಸಮಯಕ್ಕೆ ಎಂದು ಹಾಕಿಕೊಳ್ಳುವುದು ನಿಯಮ. ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಮುಂತಾದವುಗಳಲ್ಲಿ ಇವತ್ತಿಗೆ, ಒಂದು ಹಗಲಿಗೆ, ಒಂದು ರಾತ್ರಿಗೆ, ಒಂದು ಪಕ್ಷಕ್ಕೆ, ತಿಂಗಳಿಗೆ ಎಂದು ನಿಯಮ ತೆಗೆದುಕೊಳ್ಳಬಹುದು. ಆ ಪಟ್ಟಿಗೆ ಮೊಬೈಲನ್ನು ಸೇರಿಸಲು ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಜೈನೇತರರೂ ಇಂಥ ನಿಯಮದ ದಾರಿಗೆ ಬಂದಿದ್ದಾರೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟಿ.ವಿ., ಮೊಬೈಲು ಎರಡೂ ಬಂದ್. ಮಕ್ಕಳು ಓದಿಗೆ, ದೊಡ್ಡವರು ಮಾತುಕತೆಗೆ ಕೂರುತ್ತಾರೆ. ಅದು ಯಾವ ಧರ್ಮದ ವ್ರತವೂ ಅಲ್ಲ, ಗ್ರಾಮ ಪಂಚಾಯತಿಯವರು ಮುಂದಾಗಿ ಮಾಡಿಕೊಂಡ ಒಪ್ಪಂದ. ಗೀಳು ನಿಯಮಕ್ಕೆ ಬಗ್ಗದಷ್ಟು ಬೆಳೆದವರಿಗೆ ಚಿಕಿತ್ಸೆಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಅದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ತೆರೆದಿದೆ. ಗೀಳು ಹಿಡಿದ ಮಗನಿಗೆ ಬರೀ ಉಪದೇಶ ಮಾಡಿ ಕೂರುವುದೂ ಪ್ರಮಾದವೇ.

ನಿಯಮ ತೆಗೆದುಕೊಳ್ಳಬೇಕೆನ್ನುವವರು ಅದನ್ನು ಚಿಕ್ಕದಾಗಿ, ಕಾಲ ಮತ್ತು ಜಾಗ ಎರಡನ್ನೂ ಹೆಸರಿಸಿ ತೆಗೆದುಕೊಳ್ಳಬೇಕು: ಈ ಹದಿನೈದು ದಿನ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಫೋನು ಮಲಗುವ ಕೋಣೆಯೊಳಕ್ಕೆ ಬರುವುದಿಲ್ಲ, ಚಾರ್ಜರು ನಡುಮನೆಯಲ್ಲೇ ಇರುತ್ತದೆ, ವಾಹನದ ಮೇಲೆ ಕೂತಿರುವಷ್ಟು ಹೊತ್ತು ಕರೆ ತೆಗೆಯುವುದಿಲ್ಲ. ತುರ್ತಿಗೆ ಬೇಕಾದ ಒಂದೆರಡು ನಂಬರುಗಳಿಗೆ ಮೊದಲೇ ವಿನಾಯಿತಿ ಇಟ್ಟುಕೊಳ್ಳಬೇಕು, ಮನೆಯವರಿಗೆ ಕೇಳುವಂತೆ ಅದನ್ನು ಹೇಳಬೇಕು. ತಪ್ಪಿದ ದಿನ ತಪ್ಪಿತೆಂದು ಒಪ್ಪಿ, ಮರುದಿನ ಮತ್ತೆ ಹಿಡಿಯಬೇಕು. ತಪ್ಪೊಪ್ಪಿ ಹಿಂದಿರುಗುವ ಪ್ರತಿಕ್ರಮಣವಿರುವುದೇ ಅದಕ್ಕಾಗಿ. ಹದಿನೈದು ದಿನ ಕಳೆದ ಮೇಲೆ ಮುಂದುವರಿಸುವುದೋ ಬಿಡುವುದೋ ಅವರವರಿಗೆ ಸೇರಿದ್ದು.